ಎರಡೇ ಸೀಟು

ಚಿಕುರಾ, ಚಿಬಾ
ಸೆಪ್ಟೆಂಬರ್ 16

ಮಗಳೇ ಯುಕಾರಿ,

ಹೇಗಿದ್ದೀಯ? ಸಪ್ಪೊರೊದಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ, ಎದೆ ಬೆಚ್ಚಗಿಟ್ಟುಕೋ. ನನ್ನ ಮಂಡಿ ಹಾಗೇ ಇದೆ, ಅದನ್ನು ಕೇಳಬೇಡ. ಶಾಲೆ ಬಿಟ್ಟು ದೋಣಿ ಹತ್ತಿದವನು ನಾನು, ಕಾಗದ ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ, ನಾನು ಬೈದು ಇಟ್ಟುಬಿಡುತ್ತೇನೆ.

ವಿಷಯ ನಿನ್ನಮ್ಮನ ಕಾರಿನದು. ಆ ಟ್ವಿನ್. ಮೂರು ವರ್ಷವೂ ತಯಾರಿಸದೆ ನಿಲ್ಲಿಸಿದ ಮಾಡೆಲ್ಲು, ಬೆಂಕಿಪೊಟ್ಟಣದಂಥ ಗಾಡಿ, ಎರಡೇ ಸೀಟು. ಮನೆಗೆ ತಂದ ದಿನ "ನಾನೆಲ್ಲಿ ಕೂರ್ಲಿ?" ಎಂದು ನೀನು ಮುಖ ಊದಿಸಿದ್ದೆ. "ಓಡ್ಸೋದು ಕಲಿ. ಆಗ ನಾವಿಬ್ರೂ ಹೋಗೋಣ, ಅಪ್ಪ ಹಿಂದೆ ನಡ್ಕೊಂಡ್ ಬರ್ಲಿ" ಅಂದಿದ್ದಳು ಅವಳು. ಅದರಲ್ಲೇ ಕಲಿತೆ ನೀನು, ಸೀಟನ್ನು ಪೂರ್ತಿ ಮುಂದಕ್ಕೆಳೆದು, ಸ್ಟೀರಿಂಗಿಗೆ ಮೂಗು ತಾಗಿಸಿಕೊಂಡು. ತಾಯಿಗೂ ಮಗಳಿಗೂ ಒಂದೇ ಥರದ ಗಿಡ್ಡ ಕಾಲು.

ಅವಳು ತೀರಿಕೊಂಡ ಮೇಲೆ ಹೋದ ತಿಂಗಳು ಬಂದದ್ದೇ ಮೊದಲ ಓಬೋನ್, ಸತ್ತವರು ಮನೆಗೆ ಬಂದು ಹೋಗುವ ಹಬ್ಬ. ನಿನಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ, ಗೊತ್ತು. ಬೆಟ್ಟದ ಮೇಲೆ ಸಮಾಧಿಯ ಮುಂದೆ ಲಾಂದ್ರ ಹಚ್ಚಿ ಅವಳನ್ನು ಕರೆದೆ. ಮಂಡಿ ಕೇಳಲಿಲ್ಲವೆಂದು ಲಾಂದ್ರವನ್ನು ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟು ಹಾಕಿ, ಕಾರಿನಲ್ಲೇ ಮನೆಗೆ ಕರೆತಂದೆ. ಸತ್ತವರು ಬರಲು ಸೌತೆಕಾಯಿ ಕುದುರೆ, ಮರಳಲು ಬದನೆಕಾಯಿ ಹಸು ಮಾಡಿಡಬೇಕಲ್ಲ, ಎರಡನ್ನೂ ಮಾಡಲಿಲ್ಲ. ಕಾರಿರುವಾಗ ತರಕಾರಿಗೆ ಕಾಲೆಂದು ಕಡ್ಡಿ ಚುಚ್ಚುತ್ತಾ ಯಾವನು ಕೂರುತ್ತಾನೆ ಎಂದುಕೊಂಡೆ. ಕೊನೆಯ ದಿನ ಸಂಜೆ ಕಳಿಸಿಕೊಡಬೇಕು, ಆಗಲೇ ಬ್ಯಾಟರಿ ಸತ್ತಿತ್ತು. ಸಿಟ್ಟಿನಲ್ಲಿ ಬಾಗಿಲು ದಢಾರನೆ ಹಾಕಿ, ಲಾಂದ್ರ ಹಿಡಿದು ಕುಂಟುತ್ತಾ ಹೋಗಿ, ಸಮಾಧಿಯ ಮುಂದೆ ಆರಿಸಿ ಬಂದೆ. ಅವಳು ಮಾತ್ರ ಹೋಗಲಿಲ್ಲ. ಹಸು ಇಲ್ಲ, ಕಾರು ಓಡಲಿಲ್ಲ, ಯಾವುದರಲ್ಲಿ ಹೋಗುತ್ತಾಳೆ?

ನಗಬೇಡ. ಹೊಸ ಬ್ಯಾಟರಿ ಹಾಕಿಸಿದಾಗಿನಿಂದ ನೋಡುತ್ತಿದ್ದೇನೆ. ಅಕ್ಕಿಮೂಟೆ ಇಡಲು ಪಕ್ಕದ ಅವಳ ಸೀಟನ್ನು ಹಿಂದಕ್ಕೆ ತಳ್ಳಿದರೆ ಬೆಳಿಗ್ಗೆ ಮುಂದಕ್ಕೆ ಬಂದಿರುತ್ತದೆ. ತಿರುವಿನಲ್ಲಿ ಜೋರಾಗಿ ಹೋದರೆ ಪಕ್ಕದಿಂದ ಆ ಉಸಿರು ಕೇಳುತ್ತದೆ. ಶಂಖಕ್ಕೆಂದು ಕಡಲಿನಲ್ಲಿ ಮುಳುಗಿ ಮೇಲೆ ಬಂದಾಗ ಸಿಳ್ಳೆಯ ಹಾಗೆ ಬಿಡುತ್ತಿದ್ದಳಲ್ಲ, ಅದೇ. ಮೊನ್ನೆ ಅವಳ ಜೊತೆ ಮುಳುಗುತ್ತಿದ್ದ ಒಕಿನೊ ದಾರಿಯಲ್ಲಿ ತಡೆದಳು. "ಏನಯ್ಯಾ ತೊಕುಜಿ, ವರ್ಷ ತುಂಬೋ ಮೊದ್ಲೇ ಯಾರನ್ನೋ ಕೂರಿಸ್ಕೊಂಡು ತಿರುಗ್ತಿದ್ದೀಯ? ತಲೆಗೆ ಬಿಳಿ ಬಟ್ಟೆ ಕಟ್ಟಿದ್ಲು, ಮುಖ ಕಾಣ್ಲಿಲ್ಲ." "ನಿನ್ನ ಕಣ್ಣಿಗೆ ಪೊರೆ ಬಂದಿದೆ" ಎಂದು ಬೈದು ಕಳಿಸಿದೆ. ಮುಳುಗುವಾಗ ನಿನ್ನಮ್ಮ ತಲೆಗೆ ಕಟ್ಟುತ್ತಿದ್ದದ್ದೂ ಅಂಥದೇ ಬಿಳಿ ಬಟ್ಟೆ.

ಕಾರಿನಲ್ಲೇ ಬೆಟ್ಟಕ್ಕೆ ಕರೆದುಕೊಂಡು ಹೋಗಿಯೂ ನೋಡಿದೆ. ಬಾಗಿಲು ತೆಗೆದು ಹಿಡಿದು, "ಇಳಿ, ಫುಸಾಎ. ನನ್ನ ಪಾಡು ನಾನು ನೋಡ್ಕೋತೀನಿ" ಎಂದೆ. ಬರುವಾಗ ತಿರುವಿನಲ್ಲಿ ಮತ್ತೆ ಅದೇ ಉಸಿರು. ಬದುಕಿದ್ದಾಗಲೂ ಅವಳು ನನ್ನ ಆ ಮಾತನ್ನು ನಂಬಿದವಳಲ್ಲ.

ಈಗ ಗ್ಯಾರೇಜಿನ ಸೊನೊಬೆ ಅನ್ನುತ್ತಾನೆ, "ತಾತ, ತಳಾನ ಪೂರಾ ಉಪ್ಪು ತಿಂದ್ಬಿಟ್ಟಿದೆ. ಈ ಸಲ ತಪಾಸಣೆ ಪಾಸಾಗಲ್ಲ. ತಿಂಗಳ ಕೊನೆಗೆ ಗುಜರಿಯವ್ರು ಬಂದು ಎತ್ಕೊಂಡು ಹೋಗ್ತಾರೆ, ಹಿಸುಕಿ ಇಟ್ಟಿಗೆ ಮಾಡ್ತಾರೆ." ಅವಳು ಒಳಗೆ ಕೂತಿರುವಾಗ ಹೇಗೆ ಕೊಡಲಿ?

ಅಳಿಯನನ್ನು ಕೇಳಿದೆನೆಂದು ಹೇಳು. ಕೆಲಸ ಕೆಲಸ ಎಂದು ಊಟ ಬಿಡಬೇಡ. ಚೆನ್ನಾಗಿರು.

ನಿನ್ನ ಅಪ್ಪ,
ತೊಕುಜಿ

ಇನ್ನೊಂದು ಮಾತು. ಇದೇ ವಾರ ಹಿಗಾನ್ ಶುರು, ಎಲ್ಲರೂ ಸಮಾಧಿಗೆ ಹೋಗುವ ದಿನಗಳು. ಬಾ. ನೀನು ಓಡಿಸು, ಅವಳು ಪಕ್ಕದಲ್ಲಿ ಕೂರಲಿ, ನಾನು ಹಿಂದೆ ನಡೆದು ಬರುತ್ತೇನೆ. ನೀನು ಹೇಳಿದರೆ ಇಳಿಯುತ್ತಾಳೆ. ಬದನೆಕಾಯಿಗೆ ಕಡ್ಡಿ ಚುಚ್ಚಿ ಹಸುವನ್ನೂ ಮಾಡಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ಸ್ಟೀರಿಂಗಿನ ಕಡೆಯ ಸೀಟೂ ಪೂರ್ತಿ ಮುಂದಕ್ಕೆ ಸರಿದಿತ್ತು. ನನಗೆ ಕಾಲು ತೂರಿಸಲು ಆಗಲಿಲ್ಲ. ನಿನಗೆ ಸರಿಹೋಗುತ್ತದೆ.