ಮೊದಲ ಸೀನಿನಲ್ಲೇ ಕೊಲೆಗಾರ

12 ನವೆಂಬರ್ 2006, ಭಾನುವಾರ

ಪ್ರೂಫ್ ಮುಗಿಯಿತು. ನಮ್ಮ ವಾರಪತ್ರಿಕೆಯ ಅರ್ಧಕ್ಕಿಂತ ಹೆಚ್ಚು ಪುಟ ಗಣಿ ಧಣಿಗಳ ಹುಟ್ಟುಹಬ್ಬದ ಜಾಹೀರಾತು. ಇದೇ ಪತ್ರಿಕೆಯಲ್ಲಿ ಧಣಿಗಳಿಗೆ ಉಗಿದು ಬರೆದವಳು ನಾನು. ಈಗ ಅವರ ಹೆಸರಿನ ಒತ್ತಕ್ಷರ ತಿದ್ದುತ್ತೇನೆ. ಥೂ.

ಮಧ್ಯಾಹ್ನ ಬಾಗಿಲಲ್ಲಿ ಯಾರೋ. ಅರ್ಧ ಬೋಳು ತಲೆ, ಕಪ್ಪು ಕನ್ನಡಕ. ಗುರುತು ಸಿಕ್ಕಿತು. ಆದರೂ ಬೇಕಂತಲೇ ಕೇಳಿದೆ— "ಯಾರು ಬೇಕಾಗಿತ್ರೀ?"

"ಊರೂರಾಗ ನಿನ್ನ ಕೈಲಿ ಬೈಸಿಕೊಂಡ ಸಾಹುಕಾರ ನಾನೇ ಅಲ್ಲೇನಲೇ ವಿರುಪಿ?"

ಮಾರೇಶ. ನಮ್ಮ ಬೀದಿನಾಟಕದ ತಂಡದಲ್ಲಿ ಖಾಯಂ ಸಾಹುಕಾರ. ತಂಡ ಒಡೆದ ಮೇಲೆ ಬೆಂಗಳೂರಿಗೆ ಹೋದವನು, ಇಷ್ಟು ವರ್ಷ ಯಾರ್ಯಾರಿಗೋ ಅಸಿಸ್ಟೆಂಟ್ ಡೈರೆಕ್ಟರ್. ಈಗ ಸ್ವಂತ ಪಿಕ್ಚರ್ ಸಿಕ್ಕಿದೆಯಂತೆ. ದುಡ್ಡು ಹಾಕುವವನು ಕಂಪ್ಲಿಯ ಬಸವಕುಮಾರ್. ಅಪ್ಪನದು ಅಕ್ಕಿ ಗಿರಣಿ, ಮಗನದು ಅದಿರು ಲಾರಿಗಳು.

"ಲವ್ವೂ ಇರಬೇಕು, ಡಿಟೆಕ್ಟಿವ್ವೂ ಇರಬೇಕು, ಥ್ರಿಲ್ಲರೂ ಆಗಬೇಕಂತ. ನೀ ಬರಿ."

"ನನಗ ಬರೋದು ಬೀದಿನಾಟಕ."

"ಸುಂಕಪ್ಪನ ಕಥಿ ಬರಿ."

ಸುಂಕಪ್ಪ ನಮ್ಮ ತಂಡದ ಹಲಗೆ. ಅವನು ಬಾರಿಸಿದರೆ ಆಚೆ ಓಣಿಯ ಮುದುಕಿಯೂ ಎದ್ದು ಬರುತ್ತಿದ್ದಳು. ಊರೊಳಗೆ ಅದಿರು ಲಾರಿ ಬಿಡಬೇಡಿ ಅಂತ ಮೂರು ವರ್ಷದ ಹಿಂದೆ ರಸ್ತೆಗೆ ಅಡ್ಡ ನಿಂತ. ಒಂದು ಲಾರಿ ನಿಲ್ಲಲಿಲ್ಲ. 'ಕುಡಿದು ಗಾಲಿಗೆ ಬಿದ್ದ' ಅಂತ ಬರೆದು ಪೊಲೀಸರು ಕೇಸು ಮುಚ್ಚಿದರು. ಎಲೆಅಡಿಕೆ ಬಿಟ್ಟರೆ ಇನ್ನೊಂದು ಚಟ ಇರಲಿಲ್ಲ ಅವನಿಗೆ.

19 ನವೆಂಬರ್

ಮಾರೇಶನ ಜೊತೆ ಸುಂಕಪ್ಪನ ಊರು ಪಾಪಿನಾಯಕನಹಳ್ಳಿಗೆ. ಸುಂಕಪ್ಪನ ಹೆಂಡತಿ ದ್ಯಾಮಕ್ಕನನ್ನು ಕೇಳದೆ ಬರೆಯುವುದು ಹೇಗೆ? ಅಂಗಳ, ತುಳಸಿ, ಒಣಹಾಕಿದ ಮೆಣಸಿನಕಾಯಿ— ಎಲ್ಲದರ ಮೇಲೂ ಕೆಂಪು ಧೂಳು. ಚಹಾ ಕೊಟ್ಟಳು. ಅದರ ಮೇಲೂ.

"ಪಿಚ್ಚರ್ ಮಾಡ್ರಿ. ಹಾಡು ಹಾಕ್ರಿ, ಹುಡುಗೀರ್ನ ಕುಣಿಸ್ರಿ, ಏನಾರ ಮಾಡ್ರಿ. ಆದ್ರ ನಮ್ಮವ ಕುಡೀತಿದ್ದಿಲ್ಲ ಅನ್ನೋದು ಒಂದ್ ಸಲ ಅದ್ರಾಗ ಬರ್ಲಿ ಯಕ್ಕ. ಕುಡುಕನ ಹೇಣ್ತಿ ಅಂತ ನನ್ನ ನಳದ ಕಟ್ಟಿ ಮ್ಯಾಲ ಅಂತಾರ."

ಮಾತು ಕೊಟ್ಟೆ. ಮಾರೇಶನೂ ಕೊಟ್ಟ. ತಲೆ ಮುಟ್ಟಿಕೊಂಡು.

3 ಡಿಸೆಂಬರ್, ಸಂಜೆ

ಸ್ಟೇಷನ್ ರೋಡಿನ ಲಾಡ್ಜು. ನಾನು ಬರೆದದ್ದನ್ನು ಓದುತ್ತ ಓದುತ್ತ ಮಾರೇಶ ಮಿರ್ಚಿ ಕೈಯಲ್ಲೇ ಮರೆತ.

"ಲೇ, ಕೊಲಿ ಮಾಡ್ಸಿದಾವ ಲಾರಿ ಓನರ್ ಅಂತ ಮೊದಲ್ನೇ ಸೀನಿನಾಗ ಹೇಳಿಬಿಟ್ಟಿಯಲ್ಲಲೇ! ಇನ್ನ ಡಿಟೆಕ್ಟಿವ್ ಏನು ಶೇಂಗಾ ಸುಲೀಬೇಕೇನು ಎರಡೂವರೆ ತಾಸು?"

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ನಾವು ಕಲಿತ ಬೀದಿನಾಟಕದ ಶಾಲೆಯ ತಪ್ಪು ಇದು. ನಮ್ಮ ನಾಟಕದಲ್ಲಿ ಶತ್ರು ಯಾರು ಅನ್ನುವುದು ಗುಟ್ಟಾಗಿ ಯಾವತ್ತು ಇತ್ತು? ಮಾರೇಶ ರುಮಾಲು ಸುತ್ತಿ ಬಂದನೆಂದರೆ ಮಕ್ಕಳೂ ಬೈಯುತ್ತಿದ್ದವು. ಕೊನೆಗೆ ಸುಂಕಪ್ಪ ಹಲಗೆ ನಿಲ್ಲಿಸಿ ಜನರನ್ನೇ ಕೇಳುತ್ತಿದ್ದ— ತಪ್ಪು ಯಾರದು? ಊರಿಗೆ ಊರೇ ಕೂಗಿ ಹೇಳುತ್ತಿತ್ತು. ಹೇಳದೆ ಇದ್ದರೆ ನಾಟಕ ಮುಗಿಯುತ್ತಲೇ ಇರಲಿಲ್ಲ.

ಎಮ್ಮಿಗನೂರಿನಲ್ಲಿ ಒಮ್ಮೆ ಒಬ್ಬ ಅಜ್ಜಿ ನಿಜಕ್ಕೂ ಮಾರೇಶನ ಬೆನ್ನಿಗೆ ಬಾರಿಸಿದ್ದಳು. ಅವತ್ತು ಆಲೆಮನೆಯಲ್ಲಿ ಮಲಗಿದೆವು. ಬಿಸಿ ಬೆಲ್ಲ ತಿಂದೆವು. ನಾನು ಬೆಲ್ಲದ ಕೈಯಲ್ಲೇ ಅವನ ಬೆನ್ನಿಗೆ ಎಣ್ಣೆ ಹಚ್ಚಿದೆ. ಸುಂಕಪ್ಪ ಆ ಕಡೆ ತಿರುಗಿ ಮಲಗಿದ. ಬೇಕಂತಲೇ. ಒಳ್ಳೆಯ ಮನುಷ್ಯ.

ಆ ಬೆನ್ನು ಈಗ ಸ್ವಲ್ಪ ಬಾಗಿದೆ.

7 ಜನವರಿ 2007

ಕಲಿತೆ. ಮುಚ್ಚಿಡುವುದನ್ನು. ಅನುಮಾನ ಮೊದಲು ಡ್ರೈವರ್ ಮೇಲೆ, ಆಮೇಲೆ ಗೆಳೆಯನ ಮೇಲೆ. ಕಥೆಯಲ್ಲಿ ಸತ್ತವನ ಹೆಸರು ಭರಮಣ್ಣ. ಅವನ ತಂಗಿಗೂ ಡಿಟೆಕ್ಟಿವ್‌ಗೂ ಪ್ರೀತಿ. ಇಂಟರ್‌ವಲ್‌ಗೆ ಅವಳಿಗೇ ಅವನ ಮೇಲೆ ಅನುಮಾನ— ಇವನನ್ನು ಓನರ್ರೇ ಕಳಿಸಿರಬಹುದೇ ಅಂತ. ಪ್ರೀತಿ ಬೇಕೆಂದರೆ ನಂಬಬೇಕು, ಕೊಲೆಗಾರ ಬೇಕೆಂದರೆ ನಂಬಬಾರದು. ಇದೇ ಕಥೆಯ ಗಂಟು. ನಾನೇ ಕಟ್ಟಿದ್ದು. ಮಾರೇಶ ನೋಡಿ "ಮಸ್ತ್!" ಅಂದ.

ಲೊಕೇಶನ್ ನೋಡಲು ಸಂಡೂರಿಗೆ ಹೋದೆವು. ಹಿಂದೆ ಸೀತಾಫಲದ ಕಾಲದಲ್ಲಿ ಈ ಗುಡ್ಡ ಹತ್ತಿದರೆ ಮಡಿಲು ತುಂಬಿಕೊಂಡೇ ಇಳಿಯುವುದು. ಸುಂಕಪ್ಪ ಬೀಜ ಉಗಿದು ಉಗಿದು ತಾಳ ಹಾಕುತ್ತಿದ್ದ. ಈಗ ಗುಡ್ಡದ ಹೆಗಲನ್ನೇ ಕೊಯ್ದಿದ್ದಾರೆ. ಮಾರೇಶ ಎರಡು ಕೈಯ ಬೆರಳು ಜೋಡಿಸಿ ಚೌಕಟ್ಟು ಮಾಡಿ ನೋಡಿದ. ಎಲ್ಲಿಟ್ಟರೂ ಗಾಯ ಬರ್ತೈತಿ ಅಂದ.

ವಾಪಸ್ ಬರುವಾಗ ಲಾರಿಗಳ ಸಾಲು, ಬಸ್ಸು ಅಲ್ಲಾಡಲಿಲ್ಲ. ಅವನ ತಲೆ ನನ್ನ ಭುಜದ ಮೇಲೆ. ನಿದ್ದೆ ಬಂದಿತ್ತೋ, ನಾಟಕವೋ.

22 ಫೆಬ್ರವರಿ

ಕಂಪ್ಲಿ. ಬಸವಕುಮಾರ್‌ಗೆ ಕಥೆ ಹೇಳಿದೆವು. ಒಳ್ಳೆಯ ಊಟ ಹಾಕಿದ. ಕೆಟ್ಟ ಹುಡುಗನೇನಲ್ಲ, ನಾಯಕಿ ಅಳುವಲ್ಲಿ ಅವನೂ ಕಣ್ಣೊರೆಸಿಕೊಂಡ. ಕೈ ತೊಳೆದು ಬಂದು ಹೇಳಿದ—

"ಮೇಡಂ, ಕಥಿ ಭಾಳ ಛಲೋ ಐತ್ರಿ. ಆದ್ರ ಲಾರಿ ಓನರ್ ಕೊಲಿ ಮಾಡ್ಸಿದಾ ಅಂದ್ರ, ನಾ ನಾಳೆ ಅಸೋಸಿಯೇಷನ್ ಮೀಟಿಂಗಿನ್ಯಾಗ ಯಾವ ಮಕ ಇಟ್ಕೊಂಡು ಕುಂದ್ರಲಿ?"

"ಮತ್ತ ಯಾರು ಮಾಡ್ಬೇಕ್ರಿ?"

"ಯಾರೂ ಮಾಡದು ಬ್ಯಾಡ್ರಿ! ಅದಾ ಟ್ವಿಸ್ಟು. ಎಲ್ಲಾರ ಮ್ಯಾಲೂ ಡೌಟ್ ಬರ್ಬೇಕು, ಕೊನಿಗೆ ನೋಡಿದ್ರ ಕೊಲಿನಾ ಅಲ್ಲ. ಕುಡುದು ಬಿದ್ದಿದ್ದ. ಆಮ್ಯಾಲ ಹಂಪಿ ಕಡಿ ಹೋಗಿ ಒಂದು ಡ್ಯುಯೆಟ್ ಬಿಡ್ರಿ."

ಪೊಲೀಸರು ಎರಡು ಸಾಲಿನಲ್ಲಿ ಬರೆದ ಸುಳ್ಳನ್ನು ನಾನು ಎರಡೂವರೆ ತಾಸು ಬರೆಯಬೇಕಂತೆ.

ಮಾರೇಶನ ಕಡೆ ನೋಡಿದೆ. ಅವನು ತಟ್ಟೆ ನೋಡುತ್ತಿದ್ದ.

23 ಫೆಬ್ರವರಿ

ಜಗಳ.

"ನಿನಗೇನ ವಿರುಪಿ, ಪತ್ರಿಕೆ ಐತಿ. ನನಗ ಈ ಪಿಕ್ಚರ್ ಬಿಟ್ರ ಇನ್ನೊಂದಿಲ್ಲ. ನಾ ಒಲ್ಲೆ ಅಂದ್ರ ಬ್ಯಾರೇವ್ನ ಕರಸ್ತಾನ ಅವ."

"ಕರ್ಸಲಿ. ಸುಂಕಪ್ಪಗ ಕುಡುಕ ಅನ್ನೋ ಹಣಿಪಟ್ಟಿ ನಿನ್ನ ಕೈಲೇ ಯಾಕ? ಸಾಹುಕಾರನ ಪಾರ್ಟ್ ಮಾಡಿ ಮಾಡಿ ಅವನಾ ಆಗಿಬಿಟ್ಟಿ ನೀನು."

ಎದ್ದು ಹೋದ. ನನ್ನ ಕೊನೆಯ ಸೀನು ಹರಿದು ಹಾಕಿದೆ. ಅವರದನ್ನು ಅವರೇ ಬರೆದುಕೊಳ್ಳಲಿ. ಟೈಟಲ್‌ನಲ್ಲಿ ನನ್ನ ಹೆಸರು ಬರಕೂಡದು ಅಂತ ಮೆಸೇಜ್ ಹಾಕಿದೆ.

25 ಫೆಬ್ರವರಿ

ದ್ಯಾಮಕ್ಕನಿಗೆ ಹೇಳಿದೆ. ಬಿಚ್ಚಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಜೋಳ ಹಸನು ಮಾಡುತ್ತಲೇ ಕೇಳಿದಳು—

"ಆ ಕೊನಿದು ಎಲ್ಲಿ ತಗೀತಾರ?"

"ಇಲ್ಲೇ. ನಿಮ್ಮೂರ ಕೂಡ್ರಸ್ತಿಯಾಗ. ಊರ ಮಂದೀನ ನಿಲ್ಲಿಸಿ."

"ಹಂಗಾರ ನಾನೂ ನಿಂದರ್ತೀನಿ. ಅವ್ರ ಬಾಯಿಲೆ ಅದನ್ನ ಕೇಳ್ಬೇಕು ನಾನು."

18 ಏಪ್ರಿಲ್, ಶೂಟಿಂಗ್ ಮುಗಿಸಿ ಬಂದು

ಬರೆದೇ ಮಲಗಬೇಕು.

ದ್ಯಾಮಕ್ಕನ ಜೊತೆ ಹೋಗಿದ್ದೆ. ಮಾರೇಶ ನಮ್ಮನ್ನು ನೋಡಿ ಕ್ಯಾಮೆರಾದ ಕಡೆ ತಿರುಗಿದ. ಡಿಟೆಕ್ಟಿವ್ ಕಟ್ಟೆ ಹತ್ತಿ ಜನರತ್ತ ತಿರುಗಿ ಕೇಳಬೇಕು— "ಭರಮಣ್ಣನನ್ನು ಕೊಂದವರು ಯಾರು?" ಆಮೇಲೆ ತಾನೇ ಹೇಳಬೇಕು— "ಯಾರೂ ಅಲ್ಲ. ಕುಡಿತ!"

ಕೇಳಿದ. ಕೇಳುವುದೇ ತಡ, ಇಡೀ ಊರು— "ಲಾರಿ ಓನರ್ರು!"

ಕಟ್. ಯೂನಿಟ್‌ನವರು ಕಕ್ಕಾಬಿಕ್ಕಿ. ಹಳಬರೆಲ್ಲ ನಮ್ಮ ನಾಟಕ ನೋಡಿದವರು. ಕೂಡುರಸ್ತೆಯಲ್ಲಿ ನಿಂತು ಒಬ್ಬ ಕೇಳಿದ ಮೇಲೆ ಉತ್ತರ ಕೊಡಬೇಕು ಅನ್ನುವುದು ಅವರ ಲೆಕ್ಕ.

"ಯಾರೂ ಉತ್ರ ಕೊಡಬ್ಯಾಡ್ರಿ!" ಮೈಕಿನಲ್ಲಿ ಕೂಗಿದರು.

"ಮತ್ತ ಯಾಕ ಕೇಳ್ತೀರಿ?" ಊರಿನ ಹಿರಿಯ ಪಕೀರಪ್ಪಜ್ಜ ಅಂದ. "ಗೊತ್ತಿಲ್ದಾವ ಕೇಳ್ತಾನ, ಗೊತ್ತಿದ್ದಾವ್ರು ಹೇಳ್ತೀವಿ. ಹೇಳಬ್ಯಾಡ ಅಂದ್ರ ಕೇಳಬ್ಯಾಡ."

ಮತ್ತೆ ತೆಗೆದರು. ಮತ್ತೆ ಕೂಗಿದರು. ಬೈದು, ಬೇಡಿಕೊಂಡು, ಕೊನೆಗೊಮ್ಮೆ ಸದ್ದಡಗಿಸಿದರು. ಡಿಟೆಕ್ಟಿವ್ "ಕುಡಿತ!" ಅಂದ. ಆ ಸದ್ದಿಲ್ಲದ ಹೊತ್ತಿನಲ್ಲಿ, ಮುಂದಿನ ಸಾಲಿನಿಂದ ದ್ಯಾಮಕ್ಕ, ಕೂಗಲಿಲ್ಲ, ಹೇಳಿದಳು—

"ಸುಂಕಪ್ಪ ಕುಡೀತಿದ್ದಿಲ್ಲ."

ಗಂಡನ ಹೆಸರು. ಮದುವೆಯಾದಾಗಿನಿಂದ ಆ ಬಾಯಿಗೆ ಬಾರದ ಹೆಸರು. ರೇಷನ್ ಅಂಗಡಿಯಲ್ಲೂ ಪಕ್ಕದವರ ಕೈಲಿ ಹೇಳಿಸುತ್ತಿದ್ದಳು. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಮಾರೇಶ ಕಟ್ ಅನ್ನಲಿಲ್ಲ. ಕ್ಯಾಮೆರಾ ಅವಳ ಮೇಲೇ ಓಡುತ್ತಿತ್ತು. ಆಮೇಲೆ ಬಸವಕುಮಾರ್ ಓಡಿಬಂದ. ಯಾರೋ ಸಮಾಧಾನ ಮಾಡಿದರು— ಇಲ್ಲಿ ಆಡಿದ್ದು ಯಾವುದೂ ಉಳಿಯುವುದಿಲ್ಲ ಸಾರ್, ಎಲ್ಲ ಮಾತೂ ಬೆಂಗಳೂರಿನ ಡಬ್ಬಿಂಗ್‌ನಲ್ಲಿ ಹೊಸದಾಗಿ ಹಾಕುತ್ತೀವಿ. ಅವನಿಗೆ ಸಮಾಧಾನವಾಯಿತು.

ಬರುವಾಗ ದ್ಯಾಮಕ್ಕ ಕೇಳಿದಳು— "ಬರ್ತೈತೇನಕ್ಕ ಅದು?"

ಅವಳ ಸೆರಗಿನ ಮೇಲಿನ ಕೆಂಪು ಧೂಳು ಕೊಡವಿದೆ.

9 ಜುಲೈ

ಮಾರೇಶನ ಫೋನು. ಇಷ್ಟು ದಿನದ ಮೇಲೆ.

"ಆ ಶಾಟ್ ಇಟ್ಟೀನಿ. ಡಿಟೆಕ್ಟಿವ್ ಹೇಳಿದ್ದರ ಬೆನ್ನಿಗೆ. ತುಟಿ ಆಡೋದು ಕಾಣ್ತೈತಿ, ಧ್ವನಿ ಇಲ್ಲ. ಡಬ್ಬಿಂಗಿಗೆ ದ್ಯಾಮಕ್ಕನ್ನ ಕರ್ಕೊಂಡು ಬಾ."

"ಬಸವಕುಮಾರ್?"

"ಅದಿರಿಗೆ ಚೀನಾ ರೇಟು ಬಂದೈತಂತ ಬಂದರಿನ್ಯಾಗ ಕುಂತಾನ. ಪಿಕ್ಚರ್ ನೋಡೋದು ರಿಲೀಸ್ ದಿವ್ಸಾನ."

"ಆಮ್ಯಾಲ ನಿನಗ ಯಾರೂ ಪಿಕ್ಚರ್ ಕೊಡದಿಲ್ಲ."

"ಎಮ್ಮಿಗನೂರಾಗ ಆಲೆಮನಿ ಇನ್ನೂ ಐತೇನಲೇ?" ಅಂದ. ಇಟ್ಟುಬಿಟ್ಟ.

12 ಜುಲೈ, ಬೆಂಗಳೂರು, ಬೆಳಿಗ್ಗೆ

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದೆವು. ಡಬ್ಬಿಂಗ್ ಥಿಯೇಟರ್. ಗಾಜಿನ ಆಚೆ ದ್ಯಾಮಕ್ಕ, ಈಚೆ ನಾನು, ಮಾರೇಶ, ಇಂಜಿನಿಯರ್. ಪರದೆಯ ಮೇಲೆ ಅವಳದೇ ಮುಖ, ಮತ್ತೆ ಮತ್ತೆ. ತುಟಿ ಆಡುತ್ತದೆ, ನಿಲ್ಲುತ್ತದೆ.

ಹೇಳುತ್ತಾಳೆ— "...ಕುಡೀತಿದ್ದಿಲ್ಲ." ಹೆಸರು ಬರುತ್ತಿಲ್ಲ. "ಅವತ್ತು ಸಿಟ್ಟಿನ್ಯಾಗ ಬಂತು ಯಕ್ಕ. ಈಗ ನಾಲಿಗಿ ಹೊಳ್ಳವಲ್ದು."

ಇಂಜಿನಿಯರ್ ಒಳ್ಳೆಯ ಮನಸ್ಸಿನಿಂದಲೇ ಅಂದ— "ಭರಮಣ್ಣ ಅಂತಾನೇ ಹೇಳಲಿ ಬಿಡಿ ಸಾರ್. ಕಥೆಗೂ ಸರಿ, ತುಟಿಗೂ ಹೊಂದಿಸ್ತೀನಿ."

ಮಾರೇಶ ಮೈಕ್ ಒತ್ತಿದ. "ದ್ಯಾಮಕ್ಕಾ, ಸುಂಕಪ್ಪ ಅಂತೀಯೋ ಭರಮಣ್ಣ ಅಂತೀಯೋ, ನೀನಾ ನೋಡು. ನಾವು ಹೇಳೂದಿಲ್ಲ."

ಅವಳು ಹೆಡ್‌ಫೋನ್ ತೆಗೆದಳು. ಸೆರಗು ತಲೆ ಮೇಲೆ ಎಳೆದುಕೊಂಡಳು. ಮತ್ತೆ ಹಾಕಿಕೊಂಡಳು. ಕೆಂಪು ದೀಪ.

ಹೇಳಿದಳು. ಗಂಡನ ಹೆಸರು ಹಿಡಿದು. ತುಟಿಗೆ ತುಟಿ ಕೂತಿತು. ಇಂಜಿನಿಯರ್ ಓಕೆ ಅಂದ.

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ. ಮತ್ತೆ ಹೇಳುತ್ತಿದ್ದಾಳೆ. ಬರೀ ಹೆಸರು. ಸುಂಕಪ್ಪ. ಮೆಲ್ಲಗೆ, ಆಮೇಲೆ ಹಿತ್ತಲಲ್ಲಿದ್ದವನನ್ನು ಊಟಕ್ಕೆ ಕರೆದಂತೆ. ಸುಂಕಪ್ಪ. ಪರದೆ ಖಾಲಿಯಾಗಿದೆ. ಯಾರೂ ಮೈಕ್ ಆಫ್ ಮಾಡುತ್ತಿಲ್ಲ. ಮಾರೇಶನ ಕಡೆ ತಿರುಗಿದೆ, ಅವನು ಮೇಜಿನ ಅಂಚಿನ ಮೇಲೆ ಬೆರಳಿನಿಂದ ಸುಂಕಪ್ಪನ ಹಲಗೆಯ ತಾಳ ಹಾಕುತ್ತಿದ್ದಾನೆ.