ಬೆಂಜ್ ಎಂಜಿನ್ನಿನ ಹೊಟ್ಟೆಯಲ್ಲಿ ಸಿಕ್ಕಿದ್ದು

ಸದಾಶಿವಗಡ,
ಮಂಗಳವಾರ

ಶೆಟಗೇರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಸುಖವಾಗಿದ್ದಾನೆ ಎಂದು ಕೇಳಿಬಂದ ಅಶೋಕನಿಗೆ, ಸದಾಶಿವಗಡದ ಜಗದೀಶನ ನಮಸ್ಕಾರ.

ಹೆಸರು ನೋಡಿದೊಡನೆ ಕಾಗದವನ್ನು ಒಲೆಗೆ ಹಾಕಬೇಡ. ಹಾಕುವುದೇ ಆದರೆ ಓದಿ ಹಾಕು. ಫೋನ್ ಮಾಡಬಹುದಿತ್ತು. ಆದರೆ ನೀನು ಎತ್ತಿಕೊಂಡು ಯಾರು ಎಂದು ಕೇಳಿದರೆ ಏನು ಹೇಳಬೇಕು ಎನ್ನುವುದು ಮೂರು ದಿನ ಯೋಚಿಸಿದರೂ ಹೊಳೆಯಲಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ, ಪಟ್ಟನೆ ಕಟ್ಟಾಗುವುದೂ ಇಲ್ಲ.

ವಿಷಯ ಏನೆಂದರೆ, ಬೆಂಜ್ ಶುರುವಾಯಿತು.

ಹೌದು, ಅದೇ ಬೆಂಜ್. ಹದಿನಾರು ವರ್ಷ ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿಂದ ನಮ್ಮಿಬ್ಬರನ್ನು ಒಂದು ಮಧ್ಯಾಹ್ನದಲ್ಲಿ ಬೇರೆ ಮಾಡಿದ ಗಾಡಿ. ಆ ಗುತ್ತಿಗೆದಾರ ಸಾಹೇಬರು ಅದನ್ನು ಗೋವಾಕ್ಕೆ ಒಯ್ಯುವುದು ಬಿಟ್ಟು ನಮ್ಮ ದೋಣಿ ಎಂಜಿನ್ ಗ್ಯಾರೇಜಿಗೆ ಏಕೆ ತಂದರೋ ದೇವರಿಗೇ ಗೊತ್ತು. ನೀನು ಆವತ್ತು ಒಗೆದ ಅಂಗಿ ಹಾಕಿಕೊಂಡು ಬಂದಿದ್ದೆ, ಮದುವೆ ಮನೆಗೆ ಹೊರಟವನ ಹಾಗೆ. ಕೆಳಗೆ ಮಲಗಿ ಎಣ್ಣೆ ನಿಲ್ಲುವ ಚೇಂಬರ್ ಬಿಚ್ಚಿ, ತೊಳೆದು, ತಿರುಗಿ ಕೂರಿಸಿದ್ದು ನಾನು. ಮೇಲಿನಿಂದ ಹೊಸ ಎಣ್ಣೆ ಹಾಕಿದ್ದು ನೀನು. ಗಾಡಿ ರಾಜಗಾಂಭೀರ್ಯದಿಂದ ಹೊರಟು, ಕಾಳಿ ಸೇತುವೆಯ ನಡುಮಧ್ಯಕ್ಕೆ ಹೋಗಿ, ಒಮ್ಮೆ ಕಿರುಚಿ ನಿಂತುಬಿಟ್ಟಿತು. ಎಂಜಿನ್ ಪೂರ್ತಿ ಜಾಮ್. ಮೀನಿನ ಟೆಂಪೋ ಕಟ್ಟಿ ಎಳೆದುಕೊಂಡು ಬಂದೆವು. ಸಾಹೇಬರು ಟೆಂಪೋದಲ್ಲಿ ತಾರ್ಲೆ ಮೀನಿನ ಬುಟ್ಟಿಗಳ ನಡುವೆ ಕೂತು ಬಂದರು. ಆಮೇಲೆ ಅವರು ಆ ಗಾಡಿಯ ಮುಖ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ.

ನಾನು ಆ ಕ್ಷಣವೇ ತೀರ್ಪು ಕೊಟ್ಟೆ. ನೀನು ಒಳ್ಳೆಯ ಎಣ್ಣೆ ಹಾಕುವ ಬದಲು ಪಕ್ಕದ ಡಬ್ಬಿಯಲ್ಲಿದ್ದ ದೋಣಿಯ ಎಣ್ಣೆ ಸುರಿದಿದ್ದೀಯ ಎಂದೆ. ನೀನು ಕೈ ಒರೆಸಿಕೊಂಡೆ. "ಎಣ್ಣೆ ನಾ ಸರೀನೇ ಹಾಕಿದ್ದೆ. ಬೇಕಾರೆ ಬಿಚ್ಚಿ ನೋಡು" ಅಂದೆ, ಅಷ್ಟೇ. ತಪ್ಪು ಮಾಡಿದವನೇ ಬಿಚ್ಚಲಿ ಎಂದು ನಾನು. ಹಾಗೆ ಹನ್ನೊಂದು ವರ್ಷ ಯಾರೂ ಬಿಚ್ಚಲಿಲ್ಲ. ದೇವಸ್ಥಾನಕ್ಕೆ ಹೋಗಿ ದೇವರ ಹತ್ತಿರ ಹೂವಿನ ಕೌಲ ಕೇಳಿದ್ದೂ ನಿನಗೆ ಗೊತ್ತಿಲ್ಲ. ತಪ್ಪು ಅಶೋಕನದೇ ಆದರೆ ಬಲದ ಹೂವು ಕೊಡು ಎಂದು ಬೇಡಿಕೊಂಡೆ. ಭಟ್ಟರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎಡದ ಹೂವು ಬಿತ್ತು. ಫ್ಯಾನಿನ ಗಾಳಿಗೆ ಬಿದ್ದದ್ದು, ಲೆಕ್ಕಕ್ಕಿಲ್ಲ ಎಂದು ದೇವರಿಗೇ ಹೇಳಿ ಎದ್ದು ಬಂದೆ. ನಂತರ ಬಂದರಿನಲ್ಲಿ, ಚಾದಂಗಡಿಯಲ್ಲಿ, ಸತ್ತವರ ಮನೆಯಲ್ಲಿ ಕೂಡ, ಅಶೋಕನ ಕೈಗೆ ಎಂಜಿನ್ ಕೊಡಬೇಡಿ ಎಂದು ಹೇಳುತ್ತ ತಿರುಗಿದೆ. ಕೊಡುವುದನ್ನು ಜನ ಬಿಟ್ಟರು. ನೀನು ಪೆಟ್ಟಿಗೆ ಎತ್ತಿಕೊಂಡು ಹೆಂಡತಿಯ ಊರಿಗೆ ಹೋದೆ.

ಬೆಂಜ್ ನಮ್ಮ ಹಿತ್ತಲಲ್ಲಿ ಉಳಿಯಿತು. ಕಡಲ ಉಪ್ಪುಗಾಳಿ ಅದರ ಬಣ್ಣ ತಿಂದಿತು, ಇಲಿಗಳು ಸೀಟು ತಿಂದವು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೂರು ತಲೆಮಾರು ಮೊಟ್ಟೆಯಿಟ್ಟವು. ಈ ತಾಲೂಕಿನಲ್ಲಿ ಅಷ್ಟು ಮೆತ್ತನೆಯ ಚರ್ಮದ ಮೇಲೆ ಹುಟ್ಟಿದ ಕೋಳಿಗಳು ಬೇರೆ ಎಲ್ಲೂ ಇರಲಿಕ್ಕಿಲ್ಲ. ಬಾಗಿಲು ತೆರೆದರೆ ಸೊಕ್ಕಿನಿಂದ ನನ್ನನ್ನೇ ನೋಡುತ್ತಿದ್ದವು.

ಹೀಗೇ ಇರುತ್ತಿತ್ತು, ಆದರೆ ಈ ಮಳೆಗಾಲ ಮುಗಿಯುವಾಗ ಆಶಾ ಕಾರ್ಯಕರ್ತೆ ಪ್ರಗತಿ ಡೆಂಗ್ಯೂ ಸರ್ವೆಗೆ ಬಂದಳು. ಡಿಕ್ಕಿ ತೆರೆಸಿದಳು. ಒಳಗೆ ಮೊಣಕೈ ಮುಳುಗುವಷ್ಟು ನೀರು, ನೀರಿನ ತುಂಬ ಸೊಳ್ಳೆಮರಿ. ಹದಿನೈದು ದಿನದೊಳಗೆ ಇದನ್ನು ಇಲ್ಲಿಂದ ಸಾಗಿಸದಿದ್ದರೆ ಪಂಚಾಯತದವರು ಗುಜರಿಗೆ ಹೊರಿಸುತ್ತಾರೆ ಎಂದು ಬರೆದುಕೊಂಡು ಹೋದಳು. ನನಗೆ ಸಮಾಧಾನ ಆಗಬೇಕಿತ್ತು. ಆದರೆ ಗುಜರಿ ಎಂಬ ಮಾತು ಕೇಳಿ ಗಾಡಿಯ ಸುತ್ತ ಎರಡು ಸಲ ತಿರುಗಿದೆ. ಅದು ಹೋದರೆ ನಮ್ಮ ಜಗಳಕ್ಕೆ ಸಾಕ್ಷಿಯೇ ಇರುವುದಿಲ್ಲ. ತಪ್ಪು ನಿನ್ನದೇ ಎಂದು ಒಮ್ಮೆ ಬಿಚ್ಚಿ ತೋರಿಸಿ, ಅದೇ ಗಾಡಿ ಓಡಿಸಿಕೊಂಡು ಶೆಟಗೇರಿಗೆ ಬಂದು, ನಿನ್ನ ಅಂಗಳದಲ್ಲಿ ಹಾರ್ನ್ ಹೊಡೆಯಬೇಕು ಎಂದು ಹಟ ಹುಟ್ಟಿತು. ನನ್ನ ಯೋಗ್ಯತೆ ನೋಡು.

ಮೊದಲು ಕೋಳಿಗಳನ್ನು ಒಕ್ಕಲೆಬ್ಬಿಸಿದೆ. ನೋಝಲ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ಲು ಮತ್ತು ಗೇರ್ ಎಣ್ಣೆ ಬೆರೆಸಿ ಸುರಿದು ಬಿಟ್ಟೆ. ದಿನಾ ಬೆಳಿಗ್ಗೆ ಮುಂದಿನ ಬೋಲ್ಟಿಗೆ ಪಾನಾ ಕೂರಿಸಿ, ಅದಕ್ಕೆ ಆಳುದ್ದದ ಪೈಪು ತೊಡಿಸಿ ಜೋತುಬಿದ್ದೆ. ಅಲುಗಲಿಲ್ಲ. ಬೈದೆ, ಕನ್ನಡದಲ್ಲಿ, ಕೊಂಕಣಿಯಲ್ಲಿ. ಪರದೇಶದ ಎಂಜಿನ್, ಎರಡೂ ತಿಳಿಯಲಿಲ್ಲ. ನಾಲ್ಕನೆಯ ದಿನ ಊದುಬತ್ತಿ ಹಚ್ಚಿದೆ. ಆರನೆಯ ದಿನ ಪೈಪು ಜಾರಿ ನಾನು ಕೆಸುವಿನ ಮಡಿಯಲ್ಲಿ ಬಿದ್ದೆ. ಒಂಬತ್ತನೆಯ ದಿನ ಟಕ್ ಎಂದು ಒಂದು ಸಣ್ಣ ಸದ್ದು, ಬೋಲ್ಟು ಒಂದು ಬೆರಳಿನಷ್ಟು ತಿರುಗಿತು. ಅರವತ್ತೊಂದು ವರ್ಷದ ನಾನು ಕುಣಿದೆ, ಅಶೋಕಾ. ಕುಣಿದು ನಿನಗೆ ಹೇಳಬೇಕೆಂದು ಹಿಂದೆ ತಿರುಗಿದೆ. ಅಲ್ಲಿ ಕೋಳಿ ಇತ್ತು.

ಬೇರಿಂಗ್ ನೋಡಲೇಬೇಕಿತ್ತು. ಕೆಳಗೆ ಮಲಗಿ ಚೇಂಬರ್ ಬಿಚ್ಚಿದೆ. ಎಣ್ಣೆಯನ್ನು ಮೇಲಕ್ಕೆ ಹೀರುವ ಕೊಳವೆ ಇದೆಯಲ್ಲ, ಅದರ ಬಾಯಿಯಲ್ಲಿ ಕಪ್ಪಗೆ ಏನೋ ಗಟ್ಟಿಯಾಗಿ ಕೂತಿತ್ತು. ಎಳೆದೆ. ಬಟ್ಟೆ. ಎಂಜಿನ್ ಬಿಚ್ಚಿಟ್ಟಾಗ ಗಾಳಿಗೆ ಹಾರುವ ಹೊಯಿಗೆ ಒಳಗೆ ಹೋಗದಂತೆ ಕಂಡ ತೂತಿಗೆಲ್ಲ ಬಟ್ಟೆ ತುರುಕುವುದು ನಮ್ಮ ಕಡಲದಂಡೆಯ ಮೇಸ್ತ್ರಿಗಳ ಪದ್ಧತಿ. ಕೂರಿಸುವ ಮೊದಲು ತೆಗೆಯುವುದೂ ಪದ್ಧತಿಯೇ. ನಾನು ಮೊದಲನೆಯದನ್ನು ಮಾತ್ರ ಪಾಲಿಸಿದ್ದೆ. ಎಣ್ಣೆ ಒಳ್ಳೆಯದೇ ಇತ್ತು, ಅದು ಮೇಲೆ ಏರಲಿಕ್ಕೆ ನಾನು ದಾರಿಯೇ ಬಿಟ್ಟಿರಲಿಲ್ಲ.

ಒಂದು ತಾಸು ಹಾಗೇ ಗಾಡಿಯ ಕೆಳಗೆ ಮಲಗಿದ್ದೆ. ಮನೆಯಾಕೆ ಸುನೀತಾ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ. ಬಟ್ಟೆಯನ್ನು ಚಡ್ಡಿಯ ಕಿಸೆಯೊಳಗೆ ತುರುಕಿ, ಏನೂ ಆಗದವನ ಹಾಗೆ ಕೆಲಸ ಮುಂದುವರಿಸಿದೆ. ಪ್ರಗತಿಯ ಕೈಕಾಲು ಹಿಡಿದು ಇನ್ನೂ ಹತ್ತು ದಿನ ಪಡೆದೆ. ಮಡಗಾಂವಿನಿಂದ ಬೇರಿಂಗ್, ರಿಂಗ್ ಬಂದವು. ಹೋದ ಗುರುವಾರ ಹತ್ತು ಗಂಟೆಗೆ ಕೀಲಿ ತಿರುಗಿಸಿದೆ. ನಾಲ್ಕು ಸಲ ಕೆಮ್ಮಿ ಹಿಡಿದುಕೊಂಡಿತು. ಎದ್ದ ಹೊಗೆಗೆ ನಮ್ಮ ಕೇರಿ ಪೂರ್ತಿ ಕಾಣದಾಯಿತು. ಊರಿನ ಸೊಳ್ಳೆಯೆಲ್ಲ ಹೊಳೆ ದಾಟಿ ಹೋಗಿರಬೇಕು. ಪ್ರಗತಿ ಮೂಗಿಗೆ ಸೆರಗು ಹಿಡಿದು ಬಂದು, ಇದು ಫಾಗಿಂಗ್ ಮಷೀನಿಗಿಂತ ಚಲೋ ಇದೆ ಎಂದು ಸರ್ಟಿಫಿಕೇಟು ಕೊಟ್ಟಳು.

ಎಲ್ಲರೂ ಶಾಭಾಸ್ ಎಂದರು. ನಾನು ಗೆದ್ದವನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಬಾವಿಕಟ್ಟೆಯ ಹತ್ತಿರ ಅಷ್ಟು ದಿನ ಒಗೆಯದೇ ಇದ್ದ ನನ್ನ ಚಡ್ಡಿ ಒಗೆಯುತ್ತಿದ್ದ ಸುನೀತಾ ಕೈಯಲ್ಲಿ ಏನೋ ಹಿಡಿದುಕೊಂಡು ಬಂದಳು. ಸಾಬೂನಿಗೆ ಎಣ್ಣೆ ಬಿಟ್ಟು ಹಸಿರು ಬಟ್ಟೆ, ಹಳದಿ ಅಂಚು ಕಾಣುತ್ತಿತ್ತು.

"ಇದು ನನ್ನ ಚೌತಿ ಹಬ್ಬದ ಸೀರೆ ಅಲ್ವಾ?" ಎಂದಳು.

ಅದೂ ಹೌದು. ಬೆಂಜ್ ಬಂದ ದಿನ ತುರುಕಲಿಕ್ಕೆ ಬಟ್ಟೆ ಇರಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದುದನ್ನು ಹಳೆಯದೆಂದು ಹರಿದಿದ್ದೆ. ಸಂಜೆ ಇವಳು ಸೀರೆ ಕಾಣೆ ಎಂದು ರಂಪ ಎತ್ತಿದಾಗ ಕಾಲ ಕೆಟ್ಟುಹೋಯಿತು ಎಂದು ನಾನೂ ದನಿ ಸೇರಿಸಿದ್ದೆ. ಇವಳ ಅನುಮಾನ ಬಿದ್ದದ್ದು ಪಕ್ಕದ ಮನೆಯ ಮೀನು ಮಾರುವ ಹೊನ್ನಿಯ ಮೇಲೆ. ಅವತ್ತಿನಿಂದ ಅವಳೊಡನೆ ಇವಳು ನೆಟ್ಟಗೆ ಮಾತಾಡಿಲ್ಲ. ಒಂದು ಚಿಂದಿಯಿಂದ ಎರಡು ಮನೆ ಕೆಡಿಸಿದವನು ನಾನು.

ಆ ಸಂಜೆಯೇ ಸುನೀತಾ ನನ್ನನ್ನು ಹೊನ್ನಿಯ ಅಂಗಳದಲ್ಲಿ ನಿಲ್ಲಿಸಿದಳು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಹೊನ್ನಿ ಮೀನು ಬುಟ್ಟಿ ತೊಳೆಯುವುದನ್ನು ನಿಲ್ಲಿಸಲೇ ಇಲ್ಲ.

"ನಂಗೆ ಗೊತ್ತಿತ್ತು. ಅಶೋಕಣ್ಣ ಊರು ಬಿಟ್ಟು ಹೋಗೂ ದಿನನೇ ಹೇಳಿದ್ದ. ಸೀರೆದು ನಾಲ್ಕ್ ತುಂಡು ಒಳಗೆ ಹೋಗಿತ್ತು, ಮೂರೇ ಹೊರಗೆ ಬಂತು ಅಂತ. ಯಾರಿಗೂ ಹೇಳ್ಬೇಡ ಹೊನ್ನಿ, ಜಗದೀಶಗೆ ಗೊತ್ತಾದ್ರೆ ಅವ ಮತ್ತೆ ಪಾನಾ ಮುಟ್ಟೂದಿಲ್ಲ ಅಂದ."

ಸುನೀತಾ ಅಲ್ಲೇ ಅವಳ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಳ್ಳಿ ಎನ್ನಿಸಿಕೊಂಡ ಮೇಲಾದರೂ ಬಾಯಿ ಬಿಡಬಾರದಿತ್ತೇ ಎಂದು ಕೇಳಿದ್ದಕ್ಕೆ, ಮಾತು ಕೊಟ್ಟ ಮೇಲೆ ಹೇಗೆ ಬಿಡುವುದು ಎಂದಳು ಹೊನ್ನಿ. ಆಮೇಲೆ ತಾನಾಗಿಯೇ, ಅದಕ್ಕೇ ನಿಮ್ಮ ಮನೆಗೆ ಮಾತ್ರ ಹನ್ನೊಂದು ವರ್ಷ ಹಿಂದಿನ ದಿನದ ಬಂಗಡೆ ಕೊಟ್ಟೆ ಎಂದು ಒಪ್ಪಿಕೊಂಡಳು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು. ನಾನು ಬುಟ್ಟಿ ತೊಳೆದೆ.

ನಿನಗೆ ಗೊತ್ತಿತ್ತು, ಅಶೋಕಾ. ನಾನು ಊರೆಲ್ಲ ನಿನ್ನ ಹೆಸರು ಕೆಡಿಸುತ್ತಿದ್ದಾಗ ನೀನು ನನ್ನ ಕೈ ನಡುಗಬಾರದೆಂದು ಸುಮ್ಮನಿದ್ದೆ. ನನಗೆ ಮೊದಲು ಬಂದದ್ದು ಸಿಟ್ಟು. ಅವತ್ತೇ ಕಪಾಳಕ್ಕೆ ಒಂದು ಬಿಗಿದು, ನೀನೇ ಮಾಡಿದ್ದು ಎಂದಿದ್ದರೆ ಎಷ್ಟು ಚಲೋ ಇತ್ತು. ಆಮೇಲೆ ಸಿಟ್ಟು ಹೋಯಿತು, ನಾಚಿಕೆ ಉಳಿಯಿತು. ಶುಕ್ರವಾರ ಬಂದರಿಗೆ ಹೋಗಿ ಮೀನು ಹರಾಜಿನ ನಡುವೆ ನಿಂತು, ತಪ್ಪು ನನ್ನದು, ಅಶೋಕನದು ಚಿನ್ನದಂಥ ಕೈ ಎಂದು ಕೂಗಿ ಹೇಳಿದೆ. ಗುಂಪಿನಲ್ಲೊಬ್ಬ, ಬೆಂಜಿನ ಏಸಿ ನಡೆಯುತ್ತದೋ ಎಂದು ಕೇಳಿದ.

ನೀನು ಹೇಳಿದ್ದೇ ನಿಜವಾಯಿತು. ಆವತ್ತಿನಿಂದ ನಾನು ಪಾನಾ ಮುಟ್ಟಿಲ್ಲ. ಎರಡು ದೋಣಿ ಕಾಯುತ್ತಿವೆ. ಹಿಡಿಯಲು ಹೋದರೆ ಕೈ ಹಿಂದೆ ಬರುತ್ತದೆ, ಒಳಗೆ ಏನು ಮರೆತಿರುತ್ತೇನೋ ಎಂದು. ಸುನೀತಾ ಕಷಾಯ ಕುಡಿಸಿದಳು. ಅದಕ್ಕೆ ಹೋಗುವ ಕಾಯಿಲೆ ಅಲ್ಲ ಇದು.

ಭಾನುವಾರ ಮೊದಲ ಬಸ್ಸಿಗೆ ನಾನು ಶೆಟಗೇರಿಗೆ ಬರುತ್ತೇನೆ. ಬೆಂಜ್ ತರುವುದಿಲ್ಲ, ಅದರಲ್ಲಿ ಬಂದರೆ ಮೆರೆಯಲು ಬಂದ ಹಾಗೆ ಕಾಣುತ್ತದೆ. ನೀನು ಬಾಗಿಲು ತೆರೆಯದಿದ್ದರೆ ಜಗುಲಿಯಲ್ಲಿ ಕೂತು ಸಂಜೆ ಬಸ್ಸಿಗೆ ಹಿಂದಿರುಗುತ್ತೇನೆ. ತೆರೆದರೆ, ಕ್ಷಮಿಸಿದೆ ಗಿಮಿಸಿದೆ ಎಂದು ಏನೂ ಹೇಳಬೇಡ, ನನಗೆ ತಡೆಯಲಿಕ್ಕಾಗುವುದಿಲ್ಲ. ನಿನ್ನ ಪೆಟ್ಟಿಗೆಯಿಂದ ಒಂದು ಪಾನಾ ತೆಗೆದು ನನ್ನ ಕೈಗೆ ಕೊಡು. ಯಾವುದಾದರೊಂದು ಪಂಪು ಬಿಚ್ಚಿಟ್ಟಿರುತ್ತೀಯಲ್ಲ, ಅದರ ಪಕ್ಕದಲ್ಲಿ ಕೂತುಕೊಳ್ಳುತ್ತೇನೆ.

ನಿನ್ನ ಪಂಪುಗಳು ಮೊದಲ ಎಳೆತಕ್ಕೇ ನೀರೆತ್ತಲಿ, ನಿನ್ನ ಮೊಣಕಾಲು ನೋಯದಿರಲಿ, ನಿನ್ನ ಮನೆಯವರೆಲ್ಲ ನೂರು ವರ್ಷ ಬಾಳಲಿ.

ಇಂತಿ ನಿನ್ನ,
ನಾಲ್ಕನೆಯ ತುಂಡು ಮರೆತ ಜಗದೀಶ