‘ಕಟ್ಟೋಣ’ ಎಂದ ಭಾವ

ಭಾನುವಾರ, ಆಗಸ್ಟ್ 17, ವಿಕ್ಸಮ್

ಭಾವ ಹೀಗೆ ಮಾಡುತ್ತಾರೆಂದು ಎಣಿಸಿರಲಿಲ್ಲ. ನಮ್ಮ ಗೆಳೆಯರ ಗಾಲ್ಫ್ ಬೆಟ್ಟಿಂಗಿನಲ್ಲಿ, ಗೆಲ್ಲುವ ಆಟಗಾರನ ಮೇಲೆ ಕಟ್ಟಿದವರೆಲ್ಲ ಒಟ್ಟು ಸೇರಿದ ದುಡ್ಡನ್ನು ಹಂಚಿಕೊಳ್ಳಬೇಕು. ಈ ಸಲ ನಾನು ಒಬ್ಬ ಎಡಗೈ ಆಟಗಾರನನ್ನು ಆರಿಸಿದ್ದೆ.

"ಅವನು ಬೇಡ ಕಣೋ, ಬೆನ್ನುನೋವಂತೆ. ಗಡ್ಡದವನ ಮೇಲೆ ಕಟ್ಟೋಣ" ಎಂದರು ಭಾವ. ಕಟ್ಟಿದೆ.

ಗಡ್ಡದವನು ಶುಕ್ರವಾರವೇ ಪಂದ್ಯದಿಂದ ಹೊರಬಿದ್ದ. ಇಬ್ಬರದೂ ಮುಳುಗಿತಲ್ಲ ಎಂದು ನಗುತ್ತಲೇ ಇವತ್ತು ಭಾವನ ಮನೆಗೆ ಹೋದೆ. ಟಿವಿಯಲ್ಲಿ ಎಡಗೈಯವನು ಕಪ್ ಎತ್ತಿದ. ಅಡುಗೆಮನೆಯಿಂದ ಇಣುಕಿದ ಅಕ್ಕ ಕೂಗಿದಳು: "ರೀ, ನಿಮ್ಮೋನೇ ಗೆದ್ನಲ್ಲಾ!"

ಭಾವ ರಿಮೋಟ್ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

"ಕಟ್ಟು" ಎಂದಿದ್ದರೆ, ಹಾಳಾಗಲಿ ಎಂದು ಬಿಟ್ಟುಬಿಡುತ್ತಿದ್ದೆ. ಅವರು ಅಂದದ್ದು "ಕಟ್ಟೋಣ".